ದೊಡ್ಡ ಡಾಕ್ಟರ ಪೇಪರ್ ಪಟ್ಟಿ ಓದುವುದು ಹೇಗೆ? ಹೊಟ್ಟೆ, ಕರುಳಿನ ಕ್ಯಾನ್ಸರ್ ಇರುವವರ ಮನೆಯವರಿಗೆ

ಹಾಸನದಲ್ಲಿ ಎಂಡೋಸ್ಕೋಪಿ ಆಗಿ, ಬಯಾಪ್ಸಿ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅಂತ ಬಂದ ದಿನ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ಎಲ್ಲಿಗೆ ಕರ್ಕೊಂಡು ಹೋಗೋದು ಅಂತ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯವರು ಬೆಂಗಳೂರು ಇಲ್ಲವೇ ಮೈಸೂರು ಅನ್ನುತ್ತಾರೆ. ಮೂಡಿಗೆರೆ, ಕೊಪ್ಪ, ಶೃಂಗೇರಿಯವರು ಘಟ್ಟ ಇಳಿದು ಮಂಗಳೂರು, ಮಣಿಪಾಲ ಅನ್ನುತ್ತಾರೆ. ಆಮೇಲೆ ಫೋನ್ ಶುರು. ನೆಂಟರು ಒಬ್ಬರ ಹೆಸರು ಹೇಳುತ್ತಾರೆ, ಎಸ್ಟೇಟ್ ರೈಟರು ಇನ್ನೊಬ್ಬರ ಹೆಸರು ಹೇಳುತ್ತಾರೆ. ಜೊತೆಗೆ ಒಂದು ಮಾತು ಇದ್ದೇ ಇರುತ್ತದೆ: "ಅವರು ಭಾಳ ದೊಡ್ಡ ಡಾಕ್ಟರು, ನೂರಾರು ಪೇಪರ್ ಬರೆದಿದ್ದಾರಂತೆ." ಪೇಪರ್ ಅಂದರೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರುವ ಸಂಶೋಧನಾ ಲೇಖನ.

ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವ ನನ್ನ ಹತ್ತಿರ ಇಂಥ ಹೆಸರು ಬರೆದ ಚೀಟಿ ಹಿಡಿದು ಬರುವವರು ಜಾಸ್ತಿ. "ಮೇಡಂ, ಇವರದ್ದು ಸ್ವಲ್ಪ ನೋಡಿ ಹೇಳಿ." ನೋಡುವುದು ಕಷ್ಟದ ಕೆಲಸವಲ್ಲ. ಒಂದು ಫೋನು, ಮನೆಯಲ್ಲಿ ಇಂಗ್ಲಿಷ್ ಓದಲು ಬರುವ ಮಗನೋ ಮಗಳೋ ಇದ್ದರೆ ಒಂದು ಸಂಜೆ ಸಾಕು. ಒಂದೇ ಒಂದು ವಿಷಯ ಮನಸ್ಸಿನಲ್ಲಿಡಿ. ಎಷ್ಟು ಪೇಪರ್ ಅಂತ ಎಣಿಸಬೇಡಿ. ನಿಮ್ಮವರಿಗೆ ಬಂದಿರುವ ಕಾಯಿಲೆಯ ಮೇಲೆ ಅವರು ವರ್ಷಗಟ್ಟಲೆ ಬಿಡದೆ ಕೆಲಸ ಮಾಡಿದ್ದಾರಾ, ಆ ಕೆಲಸದಲ್ಲಿ ಅವರ ಸ್ವಂತ ಪಾಲು ಎಷ್ಟು ಅಂತ ನೋಡಿ.

ಅದಕ್ಕೂ ಮುಂಚೆ ಒಂದು ಮಾತು. ನುಂಗಲು ಕಷ್ಟ, ಮಲದಲ್ಲಿ ರಕ್ತ, ಕಪ್ಪು ಬಣ್ಣದ ಮಲ, ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಹುಡುಕುತ್ತಾ ಕೂರಬೇಡಿ. ಹತ್ತಿರದ ಡಾಕ್ಟರಿಗೆ ತೋರಿಸಿ, ಪರೀಕ್ಷೆ ಮಾಡಿಸಿ. ಈ ಹುಡುಕಾಟವೆಲ್ಲ ರಿಪೋರ್ಟ್ ಕೈಗೆ ಬಂದ ಮೇಲಿನದು. ಅದೂ ಚಿಕಿತ್ಸೆಯನ್ನು ವಾರಗಟ್ಟಲೆ ತಡ ಮಾಡುವಂತಿರಬಾರದು.

ಮೊದಲು: ಕಾಯಿಲೆಯ ಪೂರ್ತಿ ಹೆಸರು

'ಹೊಟ್ಟೆ ಕ್ಯಾನ್ಸರ್' ಅಂದರೆ ಹುಡುಕಲು ಸಾಲದು. ಅನ್ನನಾಳವೋ, ಜಠರವೋ, ಪಿತ್ತಕೋಶವೋ, ಪ್ಯಾಂಕ್ರಿಯಾಸೋ (ಮೇದೋಜೀರಕ ಗ್ರಂಥಿ), ಲಿವರ್ರೋ, ದೊಡ್ಡ ಕರುಳೋ? ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮಾ ಅಂತಿದೆಯೋ, ಸ್ಕ್ವೇಮಸ್ ಅಂತಿದೆಯೋ? ಇವು ಕ್ಯಾನ್ಸರ್‌ನ ಎರಡು ಬಗೆ, ಅನ್ನನಾಳದಲ್ಲಿ ಈ ಎರಡಕ್ಕೂ ಚಿಕಿತ್ಸೆಯ ದಾರಿ ಬೇರೆಯಾಗಬಹುದು. ಸ್ಟೇಜ್ ಎಷ್ಟು ಅಂತ ಸಿಟಿ ಸ್ಕ್ಯಾನ್ ಆದ ಮೇಲೆ ಗೊತ್ತಾಗುತ್ತದೆ. ಈ ಪದಗಳನ್ನು ರಿಪೋರ್ಟ್‌ನಲ್ಲಿ ಇರುವ ಸ್ಪೆಲ್ಲಿಂಗ್‌ನಲ್ಲೇ ಒಂದು ಹಾಳೆಗೆ ಬರೆದುಕೊಳ್ಳಿ. ಅರ್ಥವಾಗದಿದ್ದರೆ ಎಂಡೋಸ್ಕೋಪಿ ಮಾಡಿದ ಡಾಕ್ಟರನ್ನೇ ಕೇಳಿ. ಹೇಳುತ್ತಾರೆ.

ಯಾವ ಡಾಕ್ಟರು ಬೇಕು ಅನ್ನುವುದೂ ಇಲ್ಲೇ ತಿಳಿಯುತ್ತದೆ. ಮೆಡಿಕಲ್ ಗ್ಯಾಸ್ಟ್ರೋ ಡಾಕ್ಟರು ಎಂಡೋಸ್ಕೋಪಿ, ಔಷಧಿ ನೋಡುವವರು. ಅವರ ಡಿಗ್ರಿ ಸಾಮಾನ್ಯವಾಗಿ ಡಿಎಂ. ಸರ್ಜಿಕಲ್ ಗ್ಯಾಸ್ಟ್ರೋದವರು ಆಪರೇಷನ್ ಮಾಡುವವರು, ಎಂಸಿಎಚ್. ಕೀಮೋ ಕೊಡುವವರು ಮೆಡಿಕಲ್ ಆಂಕಾಲಜಿಸ್ಟ್. ರೇಡಿಯೇಷನ್‌ಗೆ ಮತ್ತೊಬ್ಬರು. ಡಿಎಂ, ಎಂಸಿಎಚ್‌ಗೆ ಬದಲು ಡಿಆರ್‌ಎನ್‌ಬಿ ಅಂತಿದ್ದರೂ ಅದು ಸರಿಯಾದ ಡಿಗ್ರಿಯೇ. ಹೆಪಟೈಟಿಸ್ (ಲಿವರ್ ಉರಿಯೂತ) ಮೇಲೆ ಬಹಳ ಪೇಪರ್ ಬರೆದವರು ಪ್ಯಾಂಕ್ರಿಯಾಸ್ ಆಪರೇಷನ್‌ಗೆ ಸರಿಯಾದವರು ಅಂತ ಅಲ್ಲ. ಇದು ಕೇಳಲು ಸಣ್ಣ ವಿಷಯ, ಆದರೆ ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ.

ಹೆಸರು ಹುಡುಕುವುದು

ಇದಕ್ಕೆ ಪಬ್‌ಮೆಡ್ ಎನ್ನುವ ತಾಣವಿದೆ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುತ್ತದೆ. 1997ರಿಂದ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. 3 ಕೋಟಿಗಿಂತ ಹೆಚ್ಚು ವೈದ್ಯಕೀಯ ಪೇಪರ್‌ಗಳ ವಿವರ ಅಲ್ಲಿದೆ. ಹೆಚ್ಚಿನವಕ್ಕೆ ಸಾರಾಂಶವೂ ಸಿಗುತ್ತದೆ. ಪೂರ್ತಿ ಪೇಪರ್ ಬೇಕಿದ್ದರೆ ಅದರ ಜೊತೆಗೇ ಇರುವ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಎಷ್ಟೋ ಪೇಪರ್ ಉಚಿತ.

ಅಲ್ಲಿ ಹೆಸರು ಹಾಕುವ ಕ್ರಮ ನಮ್ಮದಕ್ಕಿಂತ ಬೇರೆ. ಮೊದಲು ಮನೆತನದ ಹೆಸರು, ಆಮೇಲೆ ಇನಿಷಿಯಲ್, ನಡುವೆ ಚುಕ್ಕಿ ಬೇಡ. ಕೊನೆಯಲ್ಲಿ ಚೌಕ ಆವರಣದೊಳಗೆ ಇಂಗ್ಲಿಷಿನ ಎ, ಯು ಎರಡು ಅಕ್ಷರ ಹಾಕಿದರೆ ಲೇಖಕರ ಹೆಸರಿನಲ್ಲಿ ಮಾತ್ರ ಹುಡುಕುತ್ತದೆ.

ತೊಡಕು ಬರುವುದು ನಮ್ಮ ಕಡೆ ಹೆಸರುಗಳಲ್ಲಿ. ಎಚ್.ಆರ್. ಮಂಜುನಾಥ ಅಂತ ಒಂದು ಹೆಸರು ಇಟ್ಟುಕೊಳ್ಳಿ. ಎಚ್ ಅಂದರೆ ಊರು, ಆರ್ ಅಂದರೆ ಅಪ್ಪ ರಂಗಪ್ಪ. ಮನೆತನದ ಹೆಸರೇ ಇಲ್ಲ. ಒಂದು ಪೇಪರ್‌ನಲ್ಲಿ ಮಂಜುನಾಥ ಎಚ್‌ಆರ್ ಅಂತ ಬರುತ್ತದೆ. ಇನ್ನೊಂದರಲ್ಲಿ ಅಪ್ಪನ ಹೆಸರೇ ಮುಂದೆ ಬಂದು ರಂಗಪ್ಪ ಎಂ ಆಗಿರುತ್ತದೆ. ಮಂಜುನಾಥ ಅನ್ನುವುದರ ಕೊನೆಗೆ ಎಚ್, ಎ ಇದ್ದೂ ಇರಬಹುದು, ಇಲ್ಲದೆಯೂ ಇರಬಹುದು. ಇದೇ ಇನಿಷಿಯಲ್‌ನ ಇನ್ನೊಬ್ಬ ಮಂಜುನಾಥ ಕಣ್ಣಿನ ಡಾಕ್ಟರೋ ಕೃಷಿ ವಿಜ್ಞಾನಿಯೋ ಆಗಿರಬಹುದು. ಹಾಗಾಗಿ ಎಲ್ಲ ರೀತಿಯಲ್ಲೂ ಹಾಕಿ ನೋಡಿ. ಬಂದ ಪೇಪರ್ ತೆರೆದು, ಹೆಸರುಗಳ ಕೆಳಗಿನ ಆಸ್ಪತ್ರೆ ವಿಳಾಸ ಬಿಡಿಸಿ, ನೀವು ಹುಡುಕುತ್ತಿರುವವರೇ ಹೌದಾ ಅಂತ ಖಚಿತ ಮಾಡಿಕೊಳ್ಳಿ. ಹೆಸರಿನ ಜೊತೆ ಊರಿನ ಹೆಸರನ್ನೂ ಸೇರಿಸಿ ಹುಡುಕಿದರೆ ಸುಲಭ. ಡಾಕ್ಟರು ಹಿಂದೆ ಬೇರೆ ಊರಿನಲ್ಲಿ ಓದಿರಬಹುದು, ಅದನ್ನೂ ಹಾಕಿ.

ಕೆಲವರಿಗೆ ಆರ್ಕಿಡ್ ಸಂಖ್ಯೆ ಇರುತ್ತದೆ. 16 ಅಂಕಿಯ ಈ ಸಂಖ್ಯೆ 2012ರಲ್ಲಿ ಬಂತು. ಒಬ್ಬ ಸಂಶೋಧಕರಿಗೆ ಒಂದೇ ಸಂಖ್ಯೆ, ಹೆಸರು ಹೇಗೇ ಬರೆದರೂ ಗುರುತು ತಪ್ಪುವುದಿಲ್ಲ. ಅದು ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಪಬ್‌ಮೆಡ್‌ನಲ್ಲಿ ಏನೂ ಸಿಗದಿದ್ದರೆ ಗೂಗಲ್ ಸ್ಕಾಲರ್ ನೋಡಿ. ಭಾರತದ ಎಷ್ಟೋ ಪತ್ರಿಕೆಗಳು ಪಬ್‌ಮೆಡ್‌ನಲ್ಲಿ ಇಲ್ಲ. ಸ್ಕಾಲರ್ ಒಳ್ಳೆಯದು, ಕೆಟ್ಟದ್ದು ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ ಅನ್ನುವುದು ನೆನಪಿರಲಿ.

ಪಟ್ಟಿ ಬಂತು. ಈಗ ಏನು ನೋಡಬೇಕು?

ಹೆಸರಿನ ಜೊತೆ ನಿಮ್ಮ ಕಾಯಿಲೆಯ ಹೆಸರನ್ನೂ ಸೇರಿಸಿ ಮತ್ತೆ ಹುಡುಕಿ. 150 ಇದ್ದದ್ದು 6ಕ್ಕೆ ಇಳಿಯಬಹುದು. ಆ 6 ಮುಖ್ಯ. ಯಾವ ವರ್ಷದವು ಅಂತ ನೋಡಿ. ಹತ್ತು ವರ್ಷದ ಹಿಂದೆ ಒಂದು ಬರೆದು ಬಿಟ್ಟಿದ್ದಾರಾ, ಅಥವಾ ಈಗಲೂ ಅದೇ ವಿಷಯ ಹಿಡಿದಿದ್ದಾರಾ?

ಆಮೇಲೆ ಹೆಸರು ಎಲ್ಲಿ ಕೂತಿದೆ ಅಂತ ನೋಡಿ. ವೈದ್ಯಕೀಯ ಪೇಪರ್‌ಗಳಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿ ಬರೆದವರದು. ಕೊನೆಯ ಹೆಸರು ತಂಡದ ಹಿರಿಯರದು. ಪತ್ರವ್ಯವಹಾರಕ್ಕೆ ಇಮೇಲ್ ಕೊಟ್ಟವರು ಪೇಪರ್‌ಗೆ ಉತ್ತರ ಹೇಳುವವರು. ನಡುವೆ ಇರುವ ಹದಿನೈದು ಹೆಸರಲ್ಲಿ ಒಂದಾಗಿದ್ದರೆ ಅವರ ಪಾಲು ಸಣ್ಣದೂ ಇರಬಹುದು. ಹಲವು ಆಸ್ಪತ್ರೆ ಸೇರಿ ಮಾಡಿದ ದೊಡ್ಡ ಪ್ರಯೋಗದಲ್ಲಿ ಮಾತ್ರ ನಡುವಿನ ಹೆಸರಿಗೂ ತೂಕವಿದೆ. ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ಸೇರಿಸಿ ನೋಡಿಕೊಂಡವರು ಅವರೇ ಆಗಿರುತ್ತಾರೆ.

ಮೆಡಿಕಲ್ ಕಾಲೇಜುಗಳಲ್ಲಿ ಬಡ್ತಿಗೆ ಪೇಪರ್ ಬೇಕು. ಹಾಗಾಗಿ ಸಂಖ್ಯೆ ಬೆಳೆಯುತ್ತದೆ. ಅದರಲ್ಲಿ ತಪ್ಪಿಲ್ಲ, ಆದರೆ ಆ ಸಂಖ್ಯೆ ರೋಗಿಗೆ ಏನನ್ನೂ ಹೇಳುವುದಿಲ್ಲ.

ಪೇಪರ್‌ನ ಜಾತಿಯನ್ನೂ ನೋಡಬೇಕು. ಒಬ್ಬ ರೋಗಿಯ ಅಪರೂಪದ ಕಥೆ ಬರೆದರೆ ಅದು ಕೇಸ್ ರಿಪೋರ್ಟ್. ತಮ್ಮ ಆಸ್ಪತ್ರೆಯ ಹಳೇ ಫೈಲುಗಳನ್ನು ತೆಗೆದು ಲೆಕ್ಕ ಹಾಕಿದ್ದು ರೆಟ್ರೋಸ್ಪೆಕ್ಟಿವ್ ಅಧ್ಯಯನ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಎರಡು ಚಿಕಿತ್ಸೆ ಕೊಟ್ಟು ಹೋಲಿಸಿದ್ದು ರ‍್ಯಾಂಡಮೈಸ್ಡ್ ಟ್ರಯಲ್. ಯಾವ ಚಿಕಿತ್ಸೆ ಮೇಲು ಅಂತ ಹೇಳಲು ಈ ಕೊನೆಯದಕ್ಕೇ ಹೆಚ್ಚು ಬಲ. ಆದರೆ ಹಳೇ ಫೈಲಿನ ಅಧ್ಯಯನವನ್ನು ನಾನು ಕಡೆಗಣಿಸುವುದಿಲ್ಲ. 'ನಮ್ಮಲ್ಲಿ ಇಷ್ಟು ಪ್ಯಾಂಕ್ರಿಯಾಸ್ ಆಪರೇಷನ್ ಆಗಿದೆ, ಇಷ್ಟು ಜನಕ್ಕೆ ತೊಂದರೆ ಆಯಿತು, ಇಷ್ಟು ಜನ ತೀರಿಕೊಂಡರು' ಅಂತ ಒಬ್ಬ ಸರ್ಜನ್ ಪ್ರಾಮಾಣಿಕವಾಗಿ ಬರೆದರೆ, ಅಲ್ಲಿ ಆಪರೇಷನ್ ಮಾಡಿಸುವವರಿಗೆ ಅದಕ್ಕಿಂತ ಉಪಯೋಗದ ಪೇಪರ್ ಬೇರೆ ಇಲ್ಲ.

ಒಬ್ಬ ಸಂಶೋಧಕರ ಎಳೆ ಹಿಡಿದು ನೋಡೋಣ

ಜರ್ಮನಿಯ ಫ್ರಾಂಕ್‌ಫರ್ಟ್‌ನ ಸಲಾಹ್ ಎದ್ದೀನ್ ಅಲ್ ಬತ್ರಾನ್ ಅನ್ನುವ ಆಂಕಾಲಜಿಸ್ಟ್ ಹೆಸರು ಹಾಕಿ, ಜೊತೆಗೆ ಫ್ಲಾಟ್ (ಇಂಗ್ಲಿಷಿನಲ್ಲಿ FLOT) ಅಂತ ಹಾಕಿ. ನಾಲ್ಕು ಔಷಧಿಗಳ ಹೆಸರಿನಿಂದ ಬಂದ ಪದ ಇದು: ಫ್ಲೋರೋಯುರಾಸಿಲ್, ಲ್ಯೂಕೋವೋರಿನ್, ಆಕ್ಸಾಲಿಪ್ಲಾಟಿನ್, ಡೋಸಿಟ್ಯಾಕ್ಸಲ್. ಜಠರದ ಕ್ಯಾನ್ಸರ್‌ಗೆ ಕೀಮೋ ಕೊಡುವಾಗ ನಮ್ಮ ಡಾಕ್ಟರುಗಳ ಬಾಯಲ್ಲೂ ಈ ಹೆಸರು ಕೇಳುತ್ತೀರಿ.

2008ರ ಪೇಪರ್ ಮೊದಲು ತೆಗೆಯಿರಿ. ಕಾಯಿಲೆ ಬೇರೆ ಅಂಗಗಳಿಗೆ ಹರಡಿದ್ದ, 50ಕ್ಕಿಂತ ಸ್ವಲ್ಪ ಜಾಸ್ತಿ ರೋಗಿಗಳ ಸಣ್ಣ ಪ್ರಯೋಗ. ಈ ನಾಲ್ಕು ಔಷಧಿ ಒಟ್ಟಿಗೆ ಕೊಡಬಹುದಾ ಅನ್ನುವಷ್ಟೇ ಅಲ್ಲಿನ ಪ್ರಶ್ನೆ. 2016ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಇನ್ನೊಂದು. ಈ ಸಲ ಆಪರೇಷನ್ ಮಾಡಬಹುದಾದ ರೋಗಿಗಳು, ಎರಡು ಗುಂಪು. ಆಪರೇಷನ್‌ನಲ್ಲಿ ತೆಗೆದ ಭಾಗವನ್ನು ಪರೀಕ್ಷಿಸಿದಾಗ ಗಡ್ಡೆ ಪೂರ್ತಿ ಕರಗಿದ್ದವರು ಹಳೇ ಔಷಧಿ ಗುಂಪಿನಲ್ಲಿ 100ಕ್ಕೆ 6, ಫ್ಲಾಟ್ ಗುಂಪಿನಲ್ಲಿ 100ಕ್ಕೆ 16. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ದೊಡ್ಡ ಫಲಿತಾಂಶ ಬಂತು. ಒಟ್ಟು 716 ರೋಗಿಗಳು. ಫ್ಲಾಟ್ ಗುಂಪಿಗೆ ಆಪರೇಷನ್‌ಗೆ ಮುಂಚೆ 4 ಸಲ, ಆಮೇಲೆ 4 ಸಲ ಕೀಮೋ, ಎರಡು ವಾರಕ್ಕೊಮ್ಮೆ. ಹಳೇ ಗುಂಪಿನಲ್ಲಿ ಬದುಕಿದ ಅವಧಿಯ ಮೀಡಿಯನ್ 35 ತಿಂಗಳು, ಫ್ಲಾಟ್ ಗುಂಪಿನಲ್ಲಿ 50 ತಿಂಗಳು.

ಮೂರಕ್ಕೂ ಮೊದಲ ಹೆಸರು ಅವರದೇ. ಹನ್ನೊಂದು ವರ್ಷ ಒಂದೇ ಪ್ರಶ್ನೆ. ಮೊದಲು ಕೊಡಬಹುದಾ, ಆಮೇಲೆ ಗಡ್ಡೆ ಕರಗುತ್ತದಾ, ಆಮೇಲೆ ಜನ ಹೆಚ್ಚು ದಿನ ಬದುಕುತ್ತಾರಾ. ಪಟ್ಟಿಯಲ್ಲಿ ನಾನು ಹುಡುಕಿ ಅಂತ ಹೇಳುತ್ತಿರುವ ಎಳೆ ಇದೇ. ಇನ್ನೂ ಒಂದು ನೋಡಿ. 2025ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅನ್ನನಾಳದ ಅಡಿನೋಕಾರ್ಸಿನೋಮಾಗೆ ಇದೇ ಫ್ಲಾಟ್ ಅನ್ನು, ರೇಡಿಯೇಷನ್ ಸೇರಿದ ಚಿಕಿತ್ಸೆಗೆ ಹೋಲಿಸಿದ ಪೇಪರ್ ಬಂತು. 438 ರೋಗಿಗಳು, ಬದುಕಿದ ಅವಧಿಯ ಮೀಡಿಯನ್ ಫ್ಲಾಟ್ ಗುಂಪಿನಲ್ಲಿ 66 ತಿಂಗಳು, ರೇಡಿಯೇಷನ್ ಸೇರಿದ ಗುಂಪಿನಲ್ಲಿ 37 ತಿಂಗಳು. ಅದರ ಮೊದಲ ಲೇಖಕರು ಬೇರೆಯವರು. ಒಬ್ಬರು ಶುರು ಮಾಡಿದ್ದನ್ನು ಬೇರೆಯವರು ಪರೀಕ್ಷಿಸಿ ನೋಡಿದರೂ ನಿಂತಿತು ಅಂದರೆ ಆ ಕೆಲಸ ಗಟ್ಟಿ.

ಈ ಅಂಕಿಗಳನ್ನು ನೋಡಿ ಮನೆಯಲ್ಲಿ ಅಳುವವರನ್ನು ಕಂಡಿದ್ದೇನೆ. 50 ತಿಂಗಳು ಅಂದರೆ ಐವತ್ತು ತಿಂಗಳಿಗೆ ಎಲ್ಲರದೂ ಮುಗಿಯಿತು ಅಂತ ಅಲ್ಲ. ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಅಂತ ಅರ್ಥ. ನಿಮ್ಮ ಅಪ್ಪ ಯಾವ ಕಡೆಯ ಅರ್ಧದಲ್ಲಿ ಇರುತ್ತಾರೆ ಅಂತ ಯಾವ ಪೇಪರ್ರೂ ಹೇಳಲಾರದು.

ಯಾರ ಮೇಲೆ ಪ್ರಯೋಗ ಆಯಿತು ಅನ್ನುವುದನ್ನು ತಪ್ಪದೆ ಓದಿ. 2019ರ ಪ್ರಯೋಗ ಜರ್ಮನಿಯ ಆಸ್ಪತ್ರೆಗಳದ್ದು. ಆಪರೇಷನ್ ಮಾಡಬಹುದಾದ ಹಂತದವರು, ಕೀಮೋ ತಾಳುವಷ್ಟು ಶಕ್ತಿ ಇದ್ದವರು ಮಾತ್ರ ಸೇರಿದ್ದರು. ಆಲೂರಿನಲ್ಲಿ ಶುಂಠಿ ಬೆಳೆಯುವ, ಸಕ್ಕರೆ ಕಾಯಿಲೆ ಇರುವ, ಮೂರು ತಿಂಗಳಿಂದ ಊಟ ಸೇರದೆ ಸೊರಗಿರುವ ಎಪ್ಪತ್ತೆರಡರ ಅಜ್ಜನಿಗೆ ಅದೇ ಪ್ರಮಾಣ ಹೊಂದುತ್ತದಾ? ಪೇಪರ್ ಓದಿದ್ದರಿಂದ ಸಿಗುವುದು ಉತ್ತರವಲ್ಲ, ಈ ಪ್ರಶ್ನೆ. ಇದನ್ನು ಹಾಳೆಯಲ್ಲಿ ಬರೆದುಕೊಂಡು ಡಾಕ್ಟರನ್ನು ಕೇಳಿ.

ಎಚ್-ಇಂಡೆಕ್ಸ್, ಸೈಟೇಷನ್ ಇತ್ಯಾದಿ

ಗೂಗಲ್ ಸ್ಕಾಲರ್‌ನಲ್ಲಿ ಹೆಸರಿನ ಪಕ್ಕ ಎಚ್-ಇಂಡೆಕ್ಸ್ ಅಂತ ಒಂದು ಅಂಕಿ ಕಾಣುತ್ತದೆ. 2005ರಲ್ಲಿ ಹೋರ್ಹೆ ಹಿರ್ಷ್ ಅನ್ನುವ ಭೌತವಿಜ್ಞಾನಿ ತಂದದ್ದು. 20 ಅಂತಿದ್ದರೆ, ಬೇರೆಯವರು ತಲಾ 20 ಸಲವಾದರೂ ಉಲ್ಲೇಖಿಸಿದ 20 ಪೇಪರ್ ಇವೆ ಅಂತ. ಹೀಗೆ ಉಲ್ಲೇಖಿಸುವುದನ್ನೇ ಸೈಟೇಷನ್ ಅನ್ನುವುದು. ವಯಸ್ಸಾದಷ್ಟೂ ಇದು ಏರುತ್ತದೆ, ಇಳಿಯುವುದಿಲ್ಲ. ನೂರು ಜನ ಸೇರಿ ಬರೆದದ್ದರಲ್ಲಿ ಒಬ್ಬರಾಗಿದ್ದರೂ ಏರುತ್ತದೆ. ನೋಡಿ, ಆದರೆ ಇದನ್ನೇ ನಂಬಿ ಇಬ್ಬರು ಡಾಕ್ಟರನ್ನು ತೂಗಬೇಡಿ.

ಸಂಖ್ಯೆ ಯಾಕೆ ಮುಖ್ಯವಲ್ಲ ಅನ್ನುವುದಕ್ಕೆ ಗ್ಯಾಸ್ಟ್ರೋ ಕ್ಷೇತ್ರದಲ್ಲೇ ಒಳ್ಳೆಯ ಸಾಕ್ಷಿಯಿದೆ. 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಲ್ಯಾನ್ಸೆಟ್‌ನಲ್ಲಿ ಒಂದು ಪೇಪರ್ ಬರೆದರು. 100 ರೋಗಿಗಳ ಎಂಡೋಸ್ಕೋಪಿ, ಬಯಾಪ್ಸಿ, ಇಬ್ಬರೇ ಲೇಖಕರು. ಗ್ಯಾಸ್ಟ್ರೈಟಿಸ್, ಅಲ್ಸರ್ ಇರುವವರ ಜಠರದಲ್ಲಿ ಒಂದು ಬ್ಯಾಕ್ಟೀರಿಯಾ ಇದೆ ಅಂತ ತೋರಿಸಿದರು. ಇಂದು ಅದನ್ನು ಎಚ್. ಪೈಲೋರಿ ಅನ್ನುತ್ತೇವೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವಂಥದ್ದು ಅಂತ ಪಟ್ಟಿಗೆ ಸೇರಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಿಮ್ಮ ಎಂಡೋಸ್ಕೋಪಿ ರಿಪೋರ್ಟ್‌ನ ಕೆಳಗೆ ಆರ್‌ಯುಟಿ ಅಂತ ಒಂದು ಸಾಲು ಇದ್ದರೆ, ಅದು ಈ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡುವ ಪರೀಕ್ಷೆಯೇ.

ಪತ್ರಿಕೆ ಯಾವುದು ಅಂತಲೂ ಒಂದು ಕಣ್ಣು ಹಾಯಿಸಿ. ಗಟ್, ಗ್ಯಾಸ್ಟ್ರೋಎಂಟರಾಲಜಿ, ಲ್ಯಾನ್ಸೆಟ್ ಗುಂಪಿನವು, ಆನಲ್ಸ್ ಆಫ್ ಸರ್ಜರಿ, ನಮ್ಮ ದೇಶದ ಇಂಡಿಯನ್ ಜರ್ನಲ್ ಆಫ್ ಗ್ಯಾಸ್ಟ್ರೋಎಂಟರಾಲಜಿ ಇವೆಲ್ಲ ಪರಿಚಿತ ಹೆಸರುಗಳು. ದುಡ್ಡು ಕಟ್ಟಿದರೆ ಪರಿಶೀಲನೆ ಇಲ್ಲದೆ ಏನು ಬೇಕಾದರೂ ಹಾಕುವ ಪತ್ರಿಕೆಗಳೂ ಇವೆ. ಹಾಗಂತ ದುಡ್ಡು ಪಡೆಯುವ ಪತ್ರಿಕೆಗಳೆಲ್ಲ ಕೆಟ್ಟವಲ್ಲ. ಅನುಮಾನ ಬಂದರೆ ಡಿಒಎಜೆ ಅನ್ನುವ ಪಟ್ಟಿಯಲ್ಲಿ ಆ ಪತ್ರಿಕೆ ಇದೆಯಾ ನೋಡಿ. ಎಲ್ಲರೂ ಓದಬಹುದಾದ, ಪರಿಶೀಲನೆ ಇರುವ ಪತ್ರಿಕೆಗಳ ಪಟ್ಟಿ ಅದು. ತಪ್ಪು ಕಂಡುಬಂದು ಹಿಂದಕ್ಕೆ ತೆಗೆದ ಪೇಪರ್ ಆಗಿದ್ದರೆ ಪಬ್‌ಮೆಡ್‌ನಲ್ಲಿ ಮೇಲೆಯೇ ಸೂಚನೆ ಕಾಣುತ್ತದೆ. ಹಿಂದಕ್ಕೆ ಪಡೆದದ್ದೆಲ್ಲ ಮೋಸವಲ್ಲ, ಪ್ರಾಮಾಣಿಕ ತಪ್ಪು ಇದ್ದರೂ ಪಡೆಯುತ್ತಾರೆ. ಕಾರಣವನ್ನು ಅಲ್ಲೇ ಬರೆದಿರುತ್ತಾರೆ, ಓದಿ.

ಆಪರೇಷನ್ ಇದ್ದರೆ ಪೇಪರ್ ಸಾಲದು

ಪ್ಯಾಂಕ್ರಿಯಾಸ್, ಅನ್ನನಾಳದ ಆಪರೇಷನ್‌ಗಳಲ್ಲಿ ಕೈಯ ಅಭ್ಯಾಸ ಬಹಳ ಮುಖ್ಯ. 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಅಮೆರಿಕದ ಆಸ್ಪತ್ರೆಗಳ ಒಂದು ಲೆಕ್ಕ ಬಂತು. ಪ್ಯಾಂಕ್ರಿಯಾಸ್ ಆಪರೇಷನ್ ತೀರಾ ಕಡಿಮೆ ಮಾಡುವ ಆಸ್ಪತ್ರೆಗಳಲ್ಲಿ ಸಾವು 100ಕ್ಕೆ 16ರಷ್ಟು. ಬಹಳ ಮಾಡುವ ಕಡೆ 100ಕ್ಕೆ 4ಕ್ಕಿಂತ ಕಡಿಮೆ. ಹಾಗಾಗಿ ನೇರವಾಗಿ ಕೇಳಿ (ವಿಪಲ್ ಅಂದರೆ ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗೆ ಮಾಡುವ ಒಂದು ದೊಡ್ಡ ಆಪರೇಷನ್): "ಸಾರ್, ನಿಮ್ಮಲ್ಲಿ ವರ್ಷಕ್ಕೆ ವಿಪಲ್ ಆಪರೇಷನ್ ಎಷ್ಟು ಆಗುತ್ತೆ? ಆಮೇಲೆ ಐಸಿಯುನಲ್ಲಿ ಯಾರು ನೋಡ್ಕೋತಾರೆ?" ಕೇಳಲು ಸಂಕೋಚ ಬೇಡ. ಇಂಥ ಪ್ರಶ್ನೆ ಕೇಳಿದರೆ ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದು ಪೇಪರ್ರೂ ಬರೆಯದೆ ವರ್ಷಕ್ಕೆ ಬೇಕಾದಷ್ಟು ಆಪರೇಷನ್ ಚೆನ್ನಾಗಿ ಮಾಡುವವರೂ ಇದ್ದಾರೆ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಎಂಡೋಸ್ಕೋಪಿ ಮಾಡಿ ಸಮಯಕ್ಕೆ ಸರಿಯಾಗಿ ಕಾಯಿಲೆ ಹಿಡಿದುಕೊಟ್ಟ ಡಾಕ್ಟರ ಹೆಸರು ಪಬ್‌ಮೆಡ್‌ನಲ್ಲಿ ಇಲ್ಲದಿರಬಹುದು. ಮುಂದೆ ಕೀಮೋ ನಡುವೆ ಜ್ವರ ಬಂದರೆ ರಾತ್ರಿ ಮೊದಲು ಓಡುವುದು ಅವರ ಹತ್ತಿರವೇ. ಅವರನ್ನು ಬಿಟ್ಟುಕೊಡಬೇಡಿ.

ಡಿಗ್ರಿ, ನೋಂದಣಿ ನೋಡಲು ನ್ಯಾಷನಲ್ ಮೆಡಿಕಲ್ ಕಮಿಷನ್ ತಾಣದಲ್ಲಿ ಡಾಕ್ಟರುಗಳ ರಿಜಿಸ್ಟರ್ ಇದೆ. ಪೇಪರ್ ಪಟ್ಟಿಗಿಂತ ಮುಂಚೆ ಅದನ್ನು ನೋಡಿದರೂ ಸರಿಯೇ.

ಟ್ರಯಲ್‌ಗೆ ಸೇರಿ ಅಂದರೆ

ಸಂಶೋಧನೆ ಮಾಡುವ ಡಾಕ್ಟರ ಹತ್ತಿರ ಹೋದಾಗ "ಒಂದು ಟ್ರಯಲ್ ಇದೆ, ಸೇರ್ತೀರಾ" ಅಂತ ಕೇಳಬಹುದು. ಹೆದರಬೇಡಿ, ಸುಮ್ನೆ ಸಹಿಯೂ ಹಾಕಬೇಡಿ. ಸಿಟಿಆರ್‌ಐ ನಂಬರ್ ಕೇಳಿ. ಭಾರತದ ಟ್ರಯಲ್‌ಗಳ ಈ ರಿಜಿಸ್ಟ್ರಿ 2007ರಲ್ಲಿ ಶುರುವಾಯಿತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಡಿಯಲ್ಲಿ ನಡೆಯುತ್ತದೆ. ಆ ನಂಬರ್ ಹಾಕಿದರೆ ಯಾರು ದುಡ್ಡು ಕೊಡುತ್ತಿದ್ದಾರೆ, ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಎಲ್ಲ ಕಾಣುತ್ತದೆ. ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ, ಮನೆಗೆ ತಂದು ಓದಿ. ಹೊಸ ಔಷಧಿಯ ಟ್ರಯಲ್‌ನಿಂದಲೇ ತೊಂದರೆಯಾದರೆ ಅದರ ಚಿಕಿತ್ಸೆ ಉಚಿತವಾಗಿ ಕೊಡಬೇಕು ಅಂತ 2019ರ ನಿಯಮಗಳಲ್ಲಿ ಇದೆ. ಬೇಡ ಅನ್ನಿಸಿದರೆ ನಡುವೆ ಹೊರಗೆ ಬರಬಹುದು, ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಹೊರಡುವ ಹಿಂದಿನ ದಿನ

ಪ್ರಶ್ನೆಗಳ ಹಾಳೆ ಒಂದೇ ಪುಟ ಇರಲಿ. ಐದಾರು ಪ್ರಶ್ನೆ ಸಾಕು, ಹೊರರೋಗಿ ವಿಭಾಗದಲ್ಲಿ ಸಿಗುವುದೇ ಸ್ವಲ್ಪ ಹೊತ್ತು. "ನಿಮ್ಮ ಪೇಪರ್ ಓದಿದ್ದೀನಿ" ಅಂತ ಶುರು ಮಾಡುವ ಅಗತ್ಯವಿಲ್ಲ. "ನಮ್ಮ ಅಪ್ಪನಿಗೆ ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ ಮಾಡೋದು ಒಳ್ಳೇದಾ, ಅಥವಾ ನೇರ ಆಪರೇಷನ್ನಾ, ಯಾಕೆ?" ಅಂತ ಕೇಳಿ. ಪಟ್ಟಿ ಓದಿರುವವರಿಗೆ ಉತ್ತರ ಬೇಗ ಅರ್ಥವಾಗುತ್ತದೆ. ಎಲ್ಲ ಡಾಕ್ಟರು ಸೇರಿ ಕೇಸ್ ಚರ್ಚಿಸುವ ಟ್ಯೂಮರ್ ಬೋರ್ಡ್ ಆ ಆಸ್ಪತ್ರೆಯಲ್ಲಿ ಇದೆಯಾ, ನಮ್ಮ ಕೇಸ್ ಅಲ್ಲಿ ಇಡುತ್ತೀರಾ ಅಂತಲೂ ಕೇಳಿ. ಕೀಮೋವನ್ನು ಹಾಸನದಲ್ಲೇ ಕೊಡಿಸಬಹುದಾ ಅಂತ ಕೇಳುವುದನ್ನು ಮರೆಯಬೇಡಿ. ಎರಡು ವಾರಕ್ಕೊಮ್ಮೆ ಬೆಂಗಳೂರಿಗೆ ಓಡಾಡುವುದು ರೋಗಿಗೂ, ಜೊತೆಗೆ ಹೋಗುವವರಿಗೂ ಕಷ್ಟ.

ಚೀಲದಲ್ಲಿ ಬಯಾಪ್ಸಿ ರಿಪೋರ್ಟ್ ಮಾತ್ರ ಅಲ್ಲ, ಲ್ಯಾಬ್‌ನಿಂದ ಬಯಾಪ್ಸಿ ತುಣುಕು ಇರುವ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೂಡ ಇರಲಿ. ಅರ್ಜಿ ಕೊಟ್ಟು ಕೇಳಿದರೆ ಲ್ಯಾಬ್‌ನವರು ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಅದಿಲ್ಲದೆ ಹೋದರೆ ಅಲ್ಲಿ ಮತ್ತೆ ಬಯಾಪ್ಸಿ ಮಾಡಬೇಕಾಗಿ ಬರಬಹುದು. ಸಿಟಿ ಸ್ಕ್ಯಾನ್‌ನ ಫಿಲ್ಮ್ ಜೊತೆ ಸಿಡಿ ತಗೊಳ್ಳಿ, ಸರ್ಜನ್‌ಗಳು ಸಿಡಿ ಹಾಕಿಯೇ ನೋಡುವುದು. ಎಂಡೋಸ್ಕೋಪಿಯ ಬಣ್ಣದ ಫೋಟೋ, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ, ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದರ ಹೆಸರು. ಆಯುಷ್ಮಾನ್ ಕಾರ್ಡ್, ಬಿಪಿಎಲ್ ಕಾರ್ಡ್, ಆಧಾರ್. ಎಲ್ಲದರ ಎರಡು ಜೆರಾಕ್ಸ್ ಇಟ್ಟುಕೊಳ್ಳಿ, ಮೂಲ ಪ್ರತಿಗಳನ್ನು ಯಾರಿಗೂ ಕೊಟ್ಟು ಬರಬೇಡಿ.